ಒದ್ದೆ ಹತ್ತಿ

ಹತ್ತಿಯುಂಡೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಕಿರಿಯಳ ಕುಲುಮೆಗೆ ಅನಿಲ ಹೋಗುವ ಪೈಪಿನೊಳಗೆ ತುರುಕಿದಳು ಹಿರಿಯಳು. ಸ್ಪ್ಯಾನರಿನಿಂದ ಪೈಪಿನ ನಟ್ಟನ್ನು ಮತ್ತೆ ಬಿಗಿದಳು. ತೇವ ತಾಗಿದರೆ ಬೆಳೆ ಕೆಡುತ್ತದೆಂದು ಪ್ರಯೋಗಾಲಯದ ಗೋಡೆಯ ಮೇಲೇ ಬರೆದಿತ್ತು.

ಬೆಳೆ ಎಂದರೆ ಕಾರ್ಬನ್ನಿನ ನ್ಯಾನೊ ಕೊಳವೆಗಳು. ಉಗುರಗಲದ ಸಿಲಿಕಾನ್ ಬಿಲ್ಲೆಯ ಮೇಲೆ, ಕೂದಲಿಗಿಂತ ಸಾವಿರಾರು ಪಾಲು ಸಪೂರವಾಗಿ, ಪೈರಿನಂತೆ ನೆಟ್ಟಗೆ ಎದ್ದು ನಿಲ್ಲಬೇಕು. ನಾಳಿನ ಚಿಪ್‌ಗಳಲ್ಲಿ ತಾಮ್ರದ ತಂತಿಯ ಕೆಲಸ ಅವೇ ಮಾಡುತ್ತವಂತೆ. ಎಂಟು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರೂ ಹಿರಿಯಳವು ಮೇಲೇಳಲಿಲ್ಲ. ನಿನ್ನೆ ಮೊನ್ನೆ ಬಂದ ಕಿರಿಯಳದೂ ಬರೀ ಮಸಿಯೇ, ಆದರೂ ಒಂದು ಕೈ ಮೇಲು. ಇಬ್ಬರ ನಡುವೆ ಇರುವುದು ಒಂದೇ ಖಾಯಂ ಕೆಲಸ, ಯಾರ ಬೆಳೆ ಎತ್ತರವೋ ಅವರಿಗೆ. ಇವತ್ತು ಇತ್ಯರ್ಥ.

ಕೈ ತೊಳೆದು, ಟೀ ಕುಡಿದು ಬರುವಷ್ಟರಲ್ಲಿ ಕಿರಿಯಳು ಬಂದಿದ್ದಳು.

"ಅಕ್ಕಾ, ನಿಮ್ಮ ಸ್ಪ್ಯಾನರ್ ನನ್ನ ಮೇಜಿನ ಮೇಲಿತ್ತು. ನಿಮ್ಮ ಕುಲುಮೆ ಹತ್ರ ಇಟ್ಟಿದೀನಿ," ಎಂದು ಕೋಟಿಗೆ ಒದ್ದೆ ಬೆರಳು ಒರೆಸಿಕೊಂಡಳು.

ಬಾಯಿಸತ್ತ ಹುಡುಗಿ. ಹಿರಿಯಳಿಗೆ ಒಂದು ಕ್ಷಣ ಪಾಪ ಅನಿಸಿತು. ಒಂದೇ ಕ್ಷಣ.

ಮಧ್ಯಾಹ್ನ ಆಪರೇಟರ್ ಎರಡೂ ಬಿಲ್ಲೆಗಳನ್ನು ಕುಲುಮೆಗಳಿಂದ ತೆಗೆದು ಪ್ರಯೋಗಾಲಯದ ಮುಖ್ಯಸ್ಥರಾದ ಸರ್ ಮುಂದಿಟ್ಟ. ಪಕ್ಷಪಾತ ಬೇಡವೆಂದು ಸರ್ ಮಾಡಿದ್ದ ಪದ್ಧತಿ: ಯಾರದೆಂಬ ಗುರುತು ಬಿಲ್ಲೆಯ ಅಡಿಯಲ್ಲಿ. ತೀರ್ಪು ಹೇಳುವ ತನಕ ಯಾರೂ ತಿರುವುವಂತಿಲ್ಲ.

ಒಂದರ ಮೇಲೆ ಎಂದಿನಂತೆ ತೆಳ್ಳನೆಯ ಮಸಿ. ಇನ್ನೊಂದರ ಮೇಲೆ ಎರಡು ಮಿಲಿಮೀಟರ್ ಎತ್ತರದ ಕಪ್ಪು ಕಾಡು.

"ಇಷ್ಟು ಎತ್ತರ ನಾನು ಕಂಡೇ ಇಲ್ಲ," ಎಂದರು ಸರ್. "ಹೇಗಾಯ್ತು? ಹೇಳಿ."

ಕಿರಿಯಳು ನೆಲ ನೋಡುತ್ತಿದ್ದಳು.

ಹಿರಿಯಳ ತಲೆ ಓಡಿತು. ಎರಡಕ್ಕೂ ವ್ಯತ್ಯಾಸ ಒಂದೇ, ನೀರು. ತೇವ ಕೆಡಿಸಿಲ್ಲ, ಬೆಳೆಸಿದೆ. ಹಾಳು ಮಾಡಲು ಹೋಗಿ ಈ ಪೆದ್ದಿಯ ತಲೆಗೆ ತಾನೇ ಕಿರೀಟ ಇಟ್ಟಿದ್ದಳು. ಸುಮ್ಮನಿದ್ದರೆ ಕೆಲಸವೂ ಹೆಸರೂ ಅವಳ ಪಾಲು.

"ಅವಳ ಪೈಪಿಗೆ ಒದ್ದೆ ಹತ್ತಿ ತುರುಕಿದ್ದು ನಾನು, ಸರ್. ಕೆಡಲಿ ಅಂತಲೇ ಮಾಡಿದೆ, ತಪ್ಪು. ಆದ್ರೆ ಇದನ್ನ ಬೆಳೆಸಿದ್ದು ನಾನು."

ಸರ್ ಬಾಗಿಲ ಕಡೆ ಕೈ ತೋರಿದರು.

"ಇನ್ನೊಬ್ಬರ ಕೆಲಸ ಕೆಡಿಸೋರಿಗೆ ಇಲ್ಲಿ ಜಾಗ ಇಲ್ಲಮ್ಮ. ಬೀಗದ ಕೈ ಇಟ್ಟು ಹೋಗಿ."

ಆಮೇಲೆ, ಪದ್ಧತಿ ತಪ್ಪಬಾರದೆಂದು, ಎತ್ತರದ ಬಿಲ್ಲೆಯನ್ನು ಚಿಮುಟದಿಂದ ಎತ್ತಿ ಅಡಿಭಾಗ ನೋಡಿದರು. ಕಿರಿಯಳು ಒಣಗಿದ್ದ ಬೆರಳುಗಳನ್ನೇ ಮತ್ತೆ ಕೋಟಿಗೆ ಒರೆಸಿಕೊಂಡಳು.

ಅಲ್ಲಿದ್ದದ್ದು ಹಿರಿಯಳ ಗುರುತು.