ಹತ್ತಿಳಿಯುವ ಕುರ್ಚಿ

"ಊಟ, ಕಾಫಿ, ಮಾತ್ರೆ ಅಂತ ದಿನಕ್ಕೆ ಹತ್ತು ಸಲ ಮಹಡಿ ಹತ್ತಿ ಇಳಿದು ನನ್ನ ಮಂಡಿ ಸವೆದುಹೋಯ್ತು ಕಣೆ."

ಮೆಟ್ಟಿಲ ತುದಿಯಲ್ಲಿ ನಿಂತು ಫೋನಿನಲ್ಲಿ ತಂಗಿಗೆ ಹೀಗೆ ಗೊಣಗಿದ ವನಮಾಲಾ ತಿರುಗಿ ನೋಡಿದರೆ, ಕೋಣೆಯ ಬಾಗಿಲು ಹಾರುಹೊಡೆದಿತ್ತು. ಸೊಂಟ ಮುರಿದಾಗಿನಿಂದ ವಾಕರ್ ಹಿಡಿದು ಆ ಕೋಣೆಯೊಳಗಷ್ಟೇ ಓಡಾಡುತ್ತಿದ್ದ ಅತ್ತೆ ಮಂಚದ ಮೇಲೆ ಎಚ್ಚರವಾಗಿಯೇ ಕೂತಿದ್ದರು.

ವನಮಾಲಾ ಮರುದಿನವೇ ಲಿಫ್ಟ್ ಮಾರುವ ಅಂಗಡಿಗೆ ಹೋದಳು.

"ಲಿಫ್ಟಿಗಾದ್ರೆ ತಾರಸಿ ಕೊರೀಬೇಕು ಮೇಡಂ. ಇದಾದ್ರೆ ಮೆಟ್ಟಿಲ ಪಕ್ಕ ಹಳಿ ಕೂರಿಸ್ತೀವಿ, ಕುರ್ಚಿ ತಾನೇ ಹತ್ತಿ ಇಳಿಯುತ್ತೆ."

"ಮೆತ್ತೆ ದಪ್ಪಗಿರೋದೇ ಕೊಡಿ. ಬೆಲ್ಟೂ ಇರ್ಲಿ. ನಮ್ಮತ್ತೆ ಕೆಳಗೆ ಬಂದು ನನ್ನ ಪಕ್ಕ ಕೂತು ಊಟ ಮಾಡ್ಬೇಕು."

ಈ ಮಾತನ್ನು ಹೇಳಬೇಕಾಗಿದ್ದದ್ದು ಅತ್ತೆಗೆ. ಆದರೆ ಅವರಿಗೆ ಮುಖ ಕೊಟ್ಟು ಮಾತಾಡುವ ಧೈರ್ಯವೆಲ್ಲಿ? ತಟ್ಟೆ ಇಟ್ಟವಳೇ, "ನಾಳೆ ಮೆಟ್ಟಿಲಿಗೆ ಕುರ್ಚಿ ಕೂರಿಸ್ತಾರೆ ಅತ್ತೆ" ಎಂದಷ್ಟೇ ಹೇಳಿ ಇಳಿದುಬಂದಳು.

ಕುರ್ಚಿ ಬಂತು. ಹೊಸ ಕಾರಿಗೆ ಮಾಡುವ ಹಾಗೆ ಅದಕ್ಕೂ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದಳು. ಅಂಗಡಿಯವರು ಅತ್ತೆಗೆ ಗುಂಡಿ ಒತ್ತುವುದನ್ನು ಹೇಳಿಕೊಟ್ಟು ಹೋದರು. ವನಮಾಲಾ ಕೆಳಗೆ ಪಕ್ಕಪಕ್ಕದಲ್ಲೇ ಎರಡು ಎಲೆ ಹಾಕಿ, "ಅತ್ತೆ, ಗುಂಡಿ ಒತ್ತಿ!" ಎಂದು ಕೂಗಿದಳು.

ಕುರ್ಚಿ ಗುಂಯ್‌ಗುಟ್ಟುತ್ತ ಇಳಿಯಿತು. ಅದರಲ್ಲಿ ಬೆಲ್ಟು ಬಿಗಿದುಕೊಂಡು ಕೂತಿದ್ದದ್ದು ತೊಳೆದಿಟ್ಟ ತಟ್ಟೆ, ಲೋಟ.

"ಇನ್ಮೇಲೆ ನೀನು ಹತ್ತೋದೇ ಬೇಡ ಕಣಮ್ಮ," ಮೇಲಿನಿಂದ ಅತ್ತೆಯ ದನಿ ಬಂತು, "ಊಟಾನ ಇದ್ರಲ್ಲೇ ಕಳಿಸ್ಬಿಡು."