ಅಲೆದಾಡುವ ತೇವ

ಮೂರನೆಯ ಸಲವೂ ಗೋಡೆ ಒದ್ದೆ ಎಂದಿತು ಯಂತ್ರ. ಅಂಗೈ ಒತ್ತಿ ನೋಡಿದರೆ ಒಣ ಸುಣ್ಣ ಪುಡಿಪುಡಿಯಾಗಿ ಉದುರಿತು.

ತೇವ ಅಳೆಯಲು ಬಂದವನ ಬೆನ್ನು ಬೆವೆತಿತು. ಈ ವರ್ಷ ಅವನ ಎರಡು ವರದಿ ತಪ್ಪಾಗಿದ್ದವು. ಇನ್ನೊಂದು ತಪ್ಪಿದರೆ ಕೆಲಸ ಬಿಟ್ಟು ಹೋಗು ಎಂದು ಕಚೇರಿಯಲ್ಲಿ ಹೇಳಿಬಿಟ್ಟಿದ್ದರು.

"ಸ್ವಲ್ಪ ಹಿಂದೆ ನಿಲ್ಲಿ ಸಾರ್. ಇದು ನ್ಯೂಟ್ರಾನ್ ಬಿಡುತ್ತೆ. ನೀರಿಗೆ ಬಡಿದು ವಾಪಸ್ ಬಂದಿದ್ದನ್ನ ಎಣಿಸುತ್ತೆ. ನಿಮ್ಮ ಮೈಯಲ್ಲಿರೋ ನೀರೂ ಲೆಕ್ಕಕ್ಕೆ ಬಂದುಬಿಡುತ್ತೆ."

"ಹಾಗಾದ್ರೆ ನಾನು ನಡೆದಾಡೋ ಕೊಡ ಅನ್ನಿ."

ಮನೆಯ ಯಜಮಾನ ನಗುತ್ತ ಬಾಗಿಲಿಗೆ ಅಡ್ಡವಾಗಿ ನಿಂತ. ಅವನ ದನಿ, ಇಷ್ಟು ಚಿಕ್ಕ ಕೋಣೆಗೆ, ತೀರಾ ಜೋರು.

ದೂರು ಕೊಟ್ಟವರು ಕೆಳಮನೆಯ ದರ್ಜಿ ಅಮ್ಮ. ಅವರ ಚಾವಣಿಯಲ್ಲಿ ನೀರಿನ ಕಲೆ ಬೆಳೆಯುತ್ತಿತ್ತು. ಈ ತೆಳುಗೋಡೆಯ ಆಚೆ ಯಜಮಾನನ ಅಣ್ಣನ ಮಗಳ ಕೋಣೆ. ಅವಳು ಓದಲು ದೂರದೂರಿಗೆ ಹೋಗಿ ವರ್ಷವಾಯಿತಂತೆ. ಅಂದಿನಿಂದ ಆ ಬಾಗಿಲಿಗೆ ಬೀರು ತಳ್ಳಿ ಮುಚ್ಚಿದೆಯಂತೆ. ಹಾಗಿದ್ದರೆ ನೀರು ಎಲ್ಲಿಂದ? ಅದನ್ನೇ ಇವನು ಹುಡುಕಬೇಕಿತ್ತು.

ಗೋಡೆಯ ಎಡತುದಿಗೆ ಯಂತ್ರ ಒತ್ತಿದ. ಟಿಕ್. ಟಿಕ್. ಮೊದಲು ಒಣ. ಅರ್ಧ ನಿಮಿಷದ ಮೇಲೆ ಟಿಕ್ ಸದ್ದುಗಳು ಒಂದರ ಮೇಲೊಂದು ಬಿದ್ದವು. ಒದ್ದೆ. ಬಲತುದಿಗೆ ಹೋದ. ಅಲ್ಲೂ ಮೊದಲು ಒಣ, ಆಮೇಲೆ ಒದ್ದೆ. ಎಡಕ್ಕೆ ಮರಳಿದರೆ ಅಷ್ಟರಲ್ಲಿ ಅದು ಒಣಗಿತ್ತು.

ತಪ್ಪು ತನ್ನದೇ ಇರಬೇಕು. ಸಂಜೆ ತರಗತಿಯಲ್ಲಿ ಅರ್ಧ ತೂಕಡಿಸುತ್ತ ಕಲಿತದ್ದು, ಇನ್ನೆಷ್ಟು ಬಂದೀತು? ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ದಿಮ್ಮಿಯ ಮೇಲೆ ಯಂತ್ರವಿಟ್ಟು ಪರೀಕ್ಷಿಸಿದ. ಬರಬೇಕಾದ ಅಂಕಿಯೇ ಬಂತು. ನಂಬದೆ ಮತ್ತೊಮ್ಮೆ ಇಟ್ಟ. ಅದೇ ಅಂಕಿ.

"ಆ ಟಿಕ್ ಟಿಕ್ ನಿಲ್ಸಿ ಮಾರಾಯ್ರೇ. ತಲೆ ಸಿಡೀತಿದೆ."

ಸದ್ದು ಆರಿಸಿದ. ಎಡ, ನಡು, ಬಲ. ಒಂದೊಂದು ಕಡೆಯೂ ಐದು ನಿಮಿಷ ಕಾದ. ಎಲ್ಲೆಡೆ ಒಣ.

"ನೋಡಿದ್ರಾ? ಒಣಗಿದೆ ಅಂತ ಬರ್ದು ಸಹಿ ಹಾಕಿ, ಹೊರಡಿ."

ಪೆನ್ನು ತೆಗೆದ. ಮನಸ್ಸು ಒಪ್ಪಲಿಲ್ಲ. ಕಡೆಯ ಬಾರಿ ಎಂದುಕೊಂಡು ಸದ್ದು ಹಾಕಿದ. ಟಿಕ್. ಟಿಕ್. ಅಂಕಿ ಏರತೊಡಗಿತು. ಯಂತ್ರವನ್ನು ಒಂದು ಮಾರು ಬಲಕ್ಕೆ ಸರಿಸಿದ. ಅಂಕಿ ಇಳಿಯಿತು. ತುಸು ತಡೆಯಿತು. ಮತ್ತೆ ಏರಿತು.

ಅವನು ತಟ್ಟನೆ ಸದ್ದು ಆರಿಸಿದ.

"ಏನಾಯ್ತು?" ಯಜಮಾನ ಬಾಗಿಲು ಬಿಟ್ಟು ಕದಲಲಿಲ್ಲ.

"ಏನಿಲ್ಲ ಸಾರ್. ನೀವು ಹೇಳಿದ್ದೇ ಸರಿ."

'ಗೋಡೆ ಒಣಗಿದೆ' ಎಂದು ಬರೆದು ಸಹಿ ಹಾಕಿದ. ಯಜಮಾನ ಕಾಗದವನ್ನು ಎರಡು ಸಲ ಓದಿ, ದಾರಿ ಬಿಟ್ಟ.

ಮೆಟ್ಟಿಲಿಳಿದು, ಬೀದಿ ದಾಟಿ, ತಿರುವಿನಾಚೆ ನಿಂತು ಪೊಲೀಸರಿಗೆ ಫೋನ್ ಮಾಡಿದ. ವಿಳಾಸ ಹೇಳಿದ. ಬೀರು ಎಲ್ಲಿದೆಯೆಂದೂ ಹೇಳಿದ.

"ಬೇಗ ಬನ್ನಿ ಸಾರ್. ಗೋಡೆಯಾಚೆ ಇರೋ ತೇವ ಸದ್ದು ಬಂದ ಕಡೆಗೆಲ್ಲ ಬರ್ತಿದೆ. ನೀರಿಗೆ ಕಿವಿ ಇರಲ್ಲ."