ಇನ್ನೊಂದು ಕಾಯಿ

ನೂಲಹುಣ್ಣಿಮೆಯ ಬೆಳಿಗ್ಗೆ ದೋಣಿಯ ಸೇಸಣ್ಣ ಎಂದಿನಂತೆ ಸೊಂಟದ ತನಕ ನೀರಿಗಿಳಿದು ನನಗೆ ತೆಂಗಿನಕಾಯಿ ಚಾಚಿದ. ನಾವು ಮತ್ಸ್ಯಕನ್ಯೆಯರು ಯಾರ ಕಾಯಿ ಹಿಡಿದೆವೋ ವರ್ಷವಿಡೀ ಅವರ ದೋಣಿಗೆ ದಾರಿ ತೋರಿಸಬೇಕು. ದಡದಲ್ಲಿ ಅವನ ಮೊಮ್ಮಗಳು ಕುಣಿಯುತ್ತಿದ್ದಳು. ಅವಳ ಕಥೆಪುಸ್ತಕದಲ್ಲಿ ನಾವು ಬಂಡೆ ಮೇಲೆ ಕೂತು ತಲೆ ಬಾಚಿಕೊಳ್ಳುತ್ತೇವಂತೆ, ಅಷ್ಟೇ.

"ಹಿಡಿ ಮಾರಾಯ್ತಿ," ಎಂದ ಸೇಸಣ್ಣ. "ಹೋದ ವರ್ಷ ಆ ಗಾಳಿಮಳೆಯಲ್ಲೂ ನಮ್ಮ ಹುಡುಗರನ್ನೆಲ್ಲ ದಡ ಮುಟ್ಟಿಸಿದವಳು ನೀನು."

"ಮುಟ್ಟಿಸಿದೆ. ನಾನು ದೋಣಿಯ ಮುಂದಿದ್ದೆ, ನನ್ನ ಮಗಳು ಹಿಂದೆ. ಬಲೆ ಕತ್ತರಿಸಿ ಬಿಡಿ ಅಂತ ಕೂಗಿಕೊಂಡೆ. ಮೀನು ತುಂಬಿದ ಬಲೆ ಬಿಡಲು ನಿಮಗೆ ಮನಸ್ಸಾಗಲಿಲ್ಲ. ಅವಳೂ ದಡ ಮುಟ್ಟಿದಳು ಸೇಸಣ್ಣ, ನಿಮ್ಮ ಬಲೆಯಲ್ಲಿ ಹೆಣವಾಗಿ."

ಅವನು ತಲೆ ತಗ್ಗಿಸಿದ. ಆಮೇಲೆ ಹೆಗಲ ಚೀಲದಿಂದ ಇನ್ನೊಂದು ಕಾಯಿ ತೆಗೆದು, "ಇದು ಅವಳಿಗೆ," ಎಂದು ಚಾಚಿದ.